ಬೇಳೆ, ಬೆಲೆ, ಬೆಳೆ: ಕನ್ನಡ ಟೈಪಿಂಗಿಗೆ ಯಾವ ಕೀಲಿಮಣೆ?

"ಬೇಳೆ ಬೆಲೆ ಏರಿದೆ, ಈ ಸಲ ಬೆಳೆ ಕಡಿಮೆ." ಈ ಒಂದು ವಾಕ್ಯವನ್ನು ನಿಮ್ಮ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಟೈಪ್ ಮಾಡಿ ನೋಡಿ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸಿಕೊಳ್ಳುವವರಾದರೆ ಬಿ-ಇ-ಎಲ್-ಇ ಎಂದು ಮೂರು ಸಲ ಒತ್ತುತ್ತೀರಿ, ಮೂರು ಸಲವೂ ಮೇಲಿನ ಸಾಲಿನಲ್ಲಿ ಬೇರೆ ಬೇರೆ ಪದ ಆರಿಸುತ್ತೀರಿ. ಅವಸರದಲ್ಲಿ ಒಂದನ್ನು ತಪ್ಪಿ ಆರಿಸಿದರೆ ಬೇಳೆಯ ಬೆಲೆ ಹೋಗಿ ಬೆಳೆಯ ಬೇಳೆಯಾಗುತ್ತದೆ. ಕಾಗುಣಿತ ತಪ್ಪೆಂದು ಯಾವ ತಂತ್ರಾಂಶವೂ ಕೆಂಪು ಗೆರೆ ಎಳೆಯುವುದಿಲ್ಲ, ಯಾಕೆಂದರೆ ಮೂರೂ ಸರಿಯಾದ ಪದಗಳೇ.

ಕನ್ನಡ ಟೈಪ್ ಮಾಡಲು ಯಾವುದು ಒಳ್ಳೆಯದು ಎಂದು ಕೇಳುವವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ "ನನಗೆ ಇದು ಅಭ್ಯಾಸವಾಗಿದೆ, ನೀವೂ ಇದನ್ನೇ ಕಲಿಯಿರಿ" ಎಂಬುದು. ನುಡಿ ತಂತ್ರಾಂಶ ಕಲಿತವರು ನುಡಿ ಎನ್ನುತ್ತಾರೆ, ಬರಹ ತಂತ್ರಾಂಶ ಕಲಿತವರು ಬರಹ, ಫೋನಿನಲ್ಲೇ ಬೆಳೆದವರು ಗೂಗಲ್‌ನ ಕೀಲಿಮಣೆ ಜಿಬೋರ್ಡ್. ಅಭ್ಯಾಸವನ್ನು ಬದಿಗಿಟ್ಟು ಅಳೆಯಲು ಕೆಲವು ಅಳತೆಗೋಲು ಬೇಕು.

ಯಾವುದನ್ನು ಅಳೆಯಬೇಕು

ಎಲ್ಲಕ್ಕಿಂತ ಮುಖ್ಯವಾದದ್ದು ಇದು: ನೀವು ಒತ್ತಿದ್ದೇ ಬರುತ್ತದೋ, ಅಥವಾ ಯಂತ್ರ ಊಹಿಸಿ ಕೊಡುತ್ತದೋ? ಒಂದೇ ಕೀಲಿಸಾಲು ಒತ್ತಿದಾಗ ಇಂದೂ ನಾಳೆಯೂ ಅದೇ ಪದ ಬಂದರೆ ಆ ಕೆಲಸವನ್ನು ಬೆರಳಿಗೆ ಒಪ್ಪಿಸಬಹುದು, ಕಣ್ಣು ಮುಂದಿನ ವಾಕ್ಯದ ಮೇಲಿರಬಹುದು. ಊಹೆಯ ಪದ್ಧತಿಯಲ್ಲಿ ಪ್ರತಿ ಪದಕ್ಕೂ ಕಣ್ಣು ಪರದೆಗೆ ಬಂದು ಒಪ್ಪಿಗೆ ಕೊಡಬೇಕು. ನಾಲ್ಕು ಸಾಲಿನ ವಾಟ್ಸ್ಯಾಪ್ ಸಂದೇಶದಲ್ಲಿ ಇದು ಗೊತ್ತೇ ಆಗುವುದಿಲ್ಲ. ನಾಲ್ಕು ಪುಟ ಬರೆಯುವಾಗ ತಲೆಯೇ ಬಿಸಿಯಾಗುತ್ತದೆ. ಉಳಿದ ಅಳತೆಗಳು ಇದರ ಹಿಂದೆ ಬರುತ್ತವೆ: ಒಂದು ಪದಕ್ಕೆ ಎಷ್ಟು ಸಲ ಕೀಲಿ ಒತ್ತಬೇಕು, ಅದರಲ್ಲಿ ಎಷ್ಟು ಶಿಫ್ಟ್, ಕಲಿಯಲು ಎಷ್ಟು ದಿನ, ರಾಜ್‌ಕುಮಾರ್, ರ‍್ಯಾಂಕ್, ಆ್ಯಪ್‌ನಂಥ ತಕರಾರಿನ ಪದಗಳು ಬರುತ್ತವೋ ಇಲ್ಲವೋ, ಹೊರಬಂದ ಪಠ್ಯ ಎಲ್ಲ ಯಂತ್ರಗಳೂ ಓದಬಲ್ಲ ಯೂನಿಕೋಡ್ ಸಂಕೇತದ್ದೋ, ಆ ಫಾಂಟ್ ಇದ್ದರಷ್ಟೇ ಕಾಣುವ ಹಳೆಯ ಪದ್ಧತಿಯದೋ, ಇನ್ನೊಬ್ಬರ ಕಂಪ್ಯೂಟರಿನ ಮುಂದೆ ಕುಳಿತಾಗಲೂ ಅದು ಸಿಗುತ್ತದೋ.

ಹಣದ ಲೆಕ್ಕ ಇಲ್ಲಿ ಸಣ್ಣದು. ಬಹುತೇಕ ಎಲ್ಲವೂ ಉಚಿತ, ಇಲ್ಲವೇ ಕಾರ್ಯವ್ಯವಸ್ಥೆಯ ಜೊತೆಗೇ ಬರುತ್ತದೆ. ನಿಜವಾದ ಬಜೆಟ್ ಎಂದರೆ ನೀವು ಕಲಿಯಲು ಕೊಡಬಲ್ಲ ಸಮಯ.

ಒಂದು ಸೂಚನೆ. ಮುಂದೆ ನಡುವೆ ಅಡ್ಡಗೆರೆ ಹಾಕಿ ಬರೆದ ಕೀಲಿಗಳನ್ನು ಇಂಗ್ಲಿಷ್ ಅಕ್ಷರದ ಹೆಸರಾಗಿ ಓದಿ. ಕೆ-ಎಮ್-ಎಲ್ ಎಂದರೆ ಆ ಮೂರು ಕೀಲಿಗಳು, ಅಷ್ಟೇ.

ಕೆಜಿಪಿ, ಅಂದರೆ ಕೆ.ಪಿ. ರಾವ್ ವಿನ್ಯಾಸ

ನುಡಿ ತಂತ್ರಾಂಶದ ಮೂಲಕ ಜನರಿಗೆ ಪರಿಚಯವಾದದ್ದು ಇದೇ. ಕರ್ನಾಟಕ ಸರ್ಕಾರ ಒಪ್ಪಿದ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ ಹೆಸರಿನಿಂದ ಕೆಜಿಪಿ. ಇದರ ಜಾಣತನ ಎರಡು. ಒಂದು, ಇಂಗ್ಲಿಷ್ ಕೀಲಿಮಣೆಯ ಉಚ್ಚಾರವನ್ನೇ ಹಿಡಿದಿದೆ: ಕ ಬೇಕಾದರೆ ಕೆ, ಮ ಬೇಕಾದರೆ ಎಮ್. ಎರಡು, ವ್ಯಂಜನದ ಒಳಗೇ ಅಕಾರ ಇದೆ ಎಂಬ ನಮ್ಮ ಲಿಪಿಯ ಸ್ವಭಾವವನ್ನು ಅದು ಬಿಟ್ಟುಕೊಟ್ಟಿಲ್ಲ. ಹಾಗಾಗಿ "ಕಮಲ" ಎಂಬುದಕ್ಕೆ ಕೆ-ಎಮ್-ಎಲ್, ಮೂರೇ ಒತ್ತು. ಉಚ್ಚಾರವನ್ನು ಪೂರ್ತಿ ಇಂಗ್ಲಿಷಿನಲ್ಲಿ ಬರೆಯುವ ಪದ್ಧತಿಯಲ್ಲಿ ಆರು ಒತ್ತು ಬೇಕು. "ಕನ್ನಡ"ಕ್ಕೆ ಕೆ-ಎನ್-ಎಫ್-ಎನ್-ಡಬ್ಲ್ಯು, ಐದು.

ಆ ಎಫ್ ಯಾಕೆ ಬಂತು? ಅದು ಅರ್ಧಾಕ್ಷರ ಮಾಡುವ ಕೀಲಿ. ಒತ್ತಕ್ಷರ ಬೇಕಾದಾಗಲೆಲ್ಲ ನಡುವೆ ಒಂದು ಎಫ್. ಎಡಗೈ ತೋರುಬೆರಳು ಸದಾ ಕೂತಿರುವ ಜಾಗ ಅದು. ಕನ್ನಡದಲ್ಲಿ ದ್ವಿತ್ವ, ಒತ್ತಕ್ಷರ ಇಲ್ಲದ ಸಾಲೇ ಇಲ್ಲವಾದ್ದರಿಂದ ಈ ಆಯ್ಕೆ ಬಹಳ ಸರಿ. ಅಲ್ಪಪ್ರಾಣ ಬರಿ ಕೀಲಿಯಲ್ಲಿ, ಮಹಾಪ್ರಾಣ ಶಿಫ್ಟಿನಲ್ಲಿ. ಹ್ರಸ್ವ ಬರಿ ಕೀಲಿಯಲ್ಲಿ, ದೀರ್ಘ ಶಿಫ್ಟಿನಲ್ಲಿ. ನಿಯಮ ಅರ್ಧ ಗಂಟೆಯಲ್ಲಿ ತಲೆಗೆ ಹೋಗುತ್ತದೆ.

ತಲೆಗೆ ಹೋಗದಿರುವುದು ಉಚ್ಚಾರಕ್ಕೆ ಸಿಗದ ಕೀಲಿಗಳು. ಟ ಇರುವುದು ಕ್ಯೂನಲ್ಲಿ, ಡ ಡಬ್ಲ್ಯುನಲ್ಲಿ, ಷ ಎಕ್ಸ್‌ನಲ್ಲಿ. ಅನುಸ್ವಾರ ಶಿಫ್ಟ್ ಎಮ್, ವಿಸರ್ಗ ಶಿಫ್ಟ್ ಎಚ್, ಋ ಶಿಫ್ಟ್ ಆರ್, ಐ ಶಿಫ್ಟ್ ವೈ, ಔ ಶಿಫ್ಟ್ ವಿ, ಞ ಝಡ್. ಹೊಸಬರು ಮೊದಲ ವಾರ ಎಡವುವುದೆಲ್ಲ ಈ ಒಂಬತ್ತರಲ್ಲೇ. ಇವನ್ನು ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿ, ಉಳಿದದ್ದನ್ನು ನೆನಪಿಗೇ ಬಿಡಿ.

ಕೊರತೆಯೂ ಇದೆ. ಶಿಫ್ಟ್ ವಿಪರೀತ. ದೀರ್ಘ ಸ್ವರ, ಳ, ಣ, ಶ, ಸೊನ್ನೆ ಇವೆಲ್ಲ ಕನ್ನಡದಲ್ಲಿ ಹೆಜ್ಜೆಹೆಜ್ಜೆಗೂ ಬರುತ್ತವೆ. "ಹಳ್ಳಿಗಳಲ್ಲಿ" ಎಂಬ ಒಂದು ಪದದ ಹನ್ನೊಂದು ಒತ್ತುಗಳಲ್ಲಿ ಮೂರು ಶಿಫ್ಟಿನವು. ದಿನವಿಡೀ ಟೈಪ್ ಮಾಡುವವರ ಕಿರುಬೆರಳಿಗೆ ಇದರ ಅರಿವಾಗುತ್ತದೆ. ಬಲಗೈ ಕೀಲಿಗೆ ಎಡ ಶಿಫ್ಟ್, ಎಡಗೈ ಕೀಲಿಗೆ ಬಲ ಶಿಫ್ಟ್ ಎಂಬ ಹಳೆಯ ಟೈಪಿಂಗ್ ಕ್ಲಾಸಿನ ಶಿಸ್ತು ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಕ್ಯಾಪ್ಸ್ ಲಾಕ್ ಅರಿವಿಲ್ಲದೆ ಒತ್ತಿಹೋದರೆ ಇಂಗ್ಲಿಷಿನಲ್ಲಿ ಬರಿ ದೊಡ್ಡಕ್ಷರ ಬರುತ್ತದೆ. ಇಲ್ಲಿ ಪದವೇ ಬದಲಾಗುತ್ತದೆ, "ಕಲ" ಹೋಗಿ "ಖಳ" ಬಂದು ಕೂರುತ್ತಾನೆ.

ಲಿನಕ್ಸ್‌ನಲ್ಲಿ ಐಬಸ್ ಮತ್ತು ಎಂ17ಎನ್ ಎಂಬ ಟೈಪಿಂಗ್ ತಂತ್ರಾಂಶಗಳನ್ನು ಹಾಕಿಕೊಂಡರೆ ಕೆಜಿಪಿ ಪಟ್ಟಿಯಲ್ಲೇ ಸಿಗುತ್ತದೆ. ವಿಂಡೋಸ್‌ನಲ್ಲಿ ನುಡಿಯನ್ನೋ ಇದೇ ವಿನ್ಯಾಸದ ಬೇರೆ ತಂತ್ರಾಂಶವನ್ನೋ ಬೇರೆಯಾಗಿ ಹಾಕಿಕೊಳ್ಳಬೇಕು. ಬೇರೆಯವರ ಕಂಪ್ಯೂಟರಿನಲ್ಲಿ, ಕಚೇರಿಯ ಬೀಗ ಹಾಕಿದ ಲ್ಯಾಪ್‌ಟಾಪಿನಲ್ಲಿ ಇದೇ ದೊಡ್ಡ ತೊಡಕು.

ಇನ್‌ಸ್ಕ್ರಿಪ್ಟ್

1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ಎಲ್ಲ ಭಾರತೀಯ ಲಿಪಿಗಳಿಗೂ ಒಂದೇ ಎಂದು ರೂಪಿಸಿದ ವಿನ್ಯಾಸ, 1988ರಲ್ಲಿ ತಿದ್ದುಪಡಿ ಕಂಡಿತು. ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಮಟ್ಟಿಗೆ ಬಲಗೈಗೆ. ಇಂಗ್ಲಿಷ್ ಕೀಲಿಯ ಉಚ್ಚಾರಕ್ಕೂ ಇದಕ್ಕೂ ಸಂಬಂಧವಿಲ್ಲ: ಪ ಇರುವುದು ಎಚ್‌ನಲ್ಲಿ, ರ ಜೆಯಲ್ಲಿ, ತ ಎಲ್‌ನಲ್ಲಿ. ಕ ಮಾತ್ರ ಕಾಕತಾಳೀಯವಾಗಿ ಕೆಯಲ್ಲೇ ಇದೆ. ಅರ್ಧಾಕ್ಷರಕ್ಕೆ ಡಿ. "ಕನ್ನಡ" ಇಲ್ಲಿಯೂ ಐದೇ ಒತ್ತು, "ಕಮಲ" ಮೂರೇ.

ವ್ಯಂಜನ ಬಲಗೈ, ಸ್ವರ ಎಡಗೈ ಎಂದಾಗ ಕಾಗುಣಿತ ಬರೆಯುವುದು ಎರಡು ಕೈ ತಾಳ ಹಾಕಿದಂತೆ ಸಾಗುತ್ತದೆ. ಇಕಾರ, ಉಕಾರ, ಅರ್ಧಾಕ್ಷರ ಎಲ್ಲ ನಡುಸಾಲಿನಲ್ಲೇ ಇವೆ. ದೀರ್ಘಗಳೂ ಶಿಫ್ಟಿಲ್ಲದೆ ಬರುತ್ತವೆ. ವೇಗ ಹತ್ತಿದ ಮೇಲೆ ಇದರಷ್ಟು ಸಲೀಸು ಬೇರೊಂದಿಲ್ಲ ಎನ್ನುವವರ ಮಾತಿನಲ್ಲಿ ಹುರುಳಿದೆ.

ಆದರೆ ಕನ್ನಡಿಗರು ಕೇಳಬೇಕಾದ ಪ್ರಶ್ನೆ ಒಂದಿದೆ. ಈ ವಿನ್ಯಾಸದ ಅಚ್ಚು ದೇವನಾಗರಿಯದು. ಹಿಂದಿಯಲ್ಲಿ ಹ್ರಸ್ವ ಎ, ಹ್ರಸ್ವ ಒ ಇಲ್ಲ. ಇರುವುದು ಏ, ಓ ಮಾತ್ರ. ಆದ್ದರಿಂದ ನಡುಸಾಲಿನ ಒಳ್ಳೆಯ ಜಾಗವಾದ ಎಸ್ ಮತ್ತು ಎ ಕೀಲಿಗಳು ಏತ್ವಕ್ಕೂ ಓತ್ವಕ್ಕೂ ಹೋದವು. ದಕ್ಷಿಣದ ಹ್ರಸ್ವಗಳಿಗೆ ಉಳಿದದ್ದು ಮೂಲೆ: ಎತ್ವ ಝಡ್ ಕೀಲಿಯಲ್ಲಿ, ಒತ್ವ ಒಂದು ಅಂಕಿಯ ಎಡಗಡೆ ಇರುವ ತುದಿಕೀಲಿಯಲ್ಲಿ. ಮನೆಗೆ, ಊರಿಗೆ, ಬಂದೆ, ಕೊಟ್ಟೆ, ಹೊರಟೆ! ಕನ್ನಡದಲ್ಲಿ ಎತ್ವವಿಲ್ಲದೆ ವಾಕ್ಯ ಮುಗಿಸುವುದೇ ಕಷ್ಟ. ಎಲ್ಲ ಭಾರ ಎಡ ಕಿರುಬೆರಳಿನ ಮೇಲೆ. ಎಲ್ಲ ಭಾಷೆಗೂ ಒಂದೇ ಅಳತೆಯ ಅಂಗಿ ಹೊಲಿದರೆ ತೋಳು ಯಾರದೋ ಗಿಡ್ಡವಾಗುತ್ತದೆ.

ಇದರ ದೊಡ್ಡ ಲಾಭ ಲಭ್ಯತೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಏನೂ ಹಾಕಿಕೊಳ್ಳದೆ ಸಿಗುತ್ತದೆ. ಒಮ್ಮೆ ಕಲಿತರೆ ಹಿಂದಿ, ತೆಲುಗು, ಮಲಯಾಳಕ್ಕೂ ಬೆರಳು ಅದೇ ಜಾಗಕ್ಕೆ ಹೋಗುತ್ತದೆ. ಕಾಸರಗೋಡು, ಬಳ್ಳಾರಿ, ಬೀದರಿನಂಥ ಎರಡು ಮೂರು ಲಿಪಿ ಓಡಾಡುವ ಊರುಗಳ ಅನುವಾದಕರಿಗೆ, ಕೇಂದ್ರ ಸರ್ಕಾರದ ಕಚೇರಿಯವರಿಗೆ ಇದು ಸಣ್ಣ ಲಾಭವಲ್ಲ. ಕೀಲಿಮಣೆಯ ಮೇಲೆ ಕನ್ನಡ ಅಕ್ಷರದ ಸ್ಟಿಕ್ಕರ್ ಅಂಟಿಸುವುದಾದರೆ ಅದು ಯಾವ ವಿನ್ಯಾಸದ್ದೆಂದು ನೋಡಿ ಕೊಳ್ಳಿ. ಕೆ ಕೀಲಿ ನೋಡಿದರೆ ಪ್ರಯೋಜನವಿಲ್ಲ, ಎರಡರಲ್ಲೂ ಅಲ್ಲಿ ಕ ಇರುತ್ತದೆ. ಜೆ ನೋಡಿ: ರ ಇದ್ದರೆ ಇನ್‌ಸ್ಕ್ರಿಪ್ಟ್, ಜ ಇದ್ದರೆ ಕೆಜಿಪಿ.

ನಿಯಮದ ಲಿಪ್ಯಂತರ: ಬರಹದ ದಾರಿ

1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂದಾಗ ಹೊರದೇಶದ ಕನ್ನಡಿಗರು, ಇಂಗ್ಲಿಷ್ ಟೈಪಿಂಗ್ ಮಾತ್ರ ಬಲ್ಲವರು ಒಮ್ಮೆಗೇ ಕನ್ನಡದಲ್ಲಿ ಬರೆಯತೊಡಗಿದರು. ಇಲ್ಲಿ ಉಚ್ಚಾರವನ್ನು ಇಂಗ್ಲಿಷ್ ಅಕ್ಷರದಲ್ಲಿ ಪೂರ್ತಿ ಬರೆಯಬೇಕು, ಆದರೆ ಕಟ್ಟುನಿಟ್ಟಿನ ನಿಯಮದಲ್ಲಿ: ಟ, ಡ, ಣ, ಳ ಇವಕ್ಕೆ ದೊಡ್ಡಕ್ಷರ, ತ, ದ, ನ, ಲ ಇವಕ್ಕೆ ಸಣ್ಣಕ್ಷರ; ದೀರ್ಘಕ್ಕೆ ದೊಡ್ಡಕ್ಷರ. ಬೇಳೆ, ಬೆಲೆ, ಬೆಳೆ ಮೂರಕ್ಕೂ ಒತ್ತುವ ಕೀಲಿಗಳು ಅವೇ ನಾಲ್ಕಾದರೂ ಶಿಫ್ಟ್ ಬೀಳುವ ಜಾಗ ಬೇರೆ. ಹಾಗಾಗಿ ಗೊಂದಲಕ್ಕೆ ಎಡೆಯಿಲ್ಲ.

ಜನ ತಪ್ಪು ತಿಳಿಯುವುದು ಇಲ್ಲಿಯೇ. ಬರಹವೂ ಇಂಗ್ಲಿಷಿನಲ್ಲಿ ಒತ್ತುವುದು, ಜಿಬೋರ್ಡೂ ಇಂಗ್ಲಿಷಿನಲ್ಲಿ ಒತ್ತುವುದು, ಎರಡೂ ಒಂದೇ ತರಹ ಎನ್ನುತ್ತಾರೆ. ನೋಡಲು ಅವಳಿಗಳು, ಸ್ವಭಾವದಲ್ಲಿ ಎಣ್ಣೆ ಸೀಗೆಕಾಯಿ. ಬರಹ ಊಹಿಸುವುದಿಲ್ಲ, ನೀವು ಒತ್ತಿದ್ದನ್ನು ಬರೆಯುತ್ತದೆ, ತಪ್ಪು ಒತ್ತಿದರೆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ. ಬೆರಳಿಗೆ ಹತ್ತಿದ ಮೇಲೆ ಕೆಜಿಪಿಯಂತೆ ಇದನ್ನೂ ಕಣ್ಣು ಮುಚ್ಚಿ ಹೊಡೆಯಬಹುದು.

ತೆರಬೇಕಾದ ಬೆಲೆ ಒತ್ತಿನ ಸಂಖ್ಯೆ. ಪ್ರತಿ ವ್ಯಂಜನಕ್ಕೂ ಅಕಾರವನ್ನು ಬಿಡಿಸಿ ಒತ್ತಬೇಕು. "ಅಕ್ಷರ"ಕ್ಕೆ ಕೆಜಿಪಿಯಲ್ಲಿ ಐದು, ಇಲ್ಲಿ ಏಳು. ಪುಟಗಟ್ಟಲೆ ಬರೆಯುವವರಿಗೆ ಇದು ಕೂಡುತ್ತಾ ಹೋಗುತ್ತದೆ. ತಕರಾರಿನ ಪದಗಳಿಗೆ ಮಾತ್ರ ಇದರ ಹಾದಿ ಸ್ಪಷ್ಟ: ಕೂಡದೆ ನಿಲ್ಲಬೇಕಾದ ಅರ್ಧಾಕ್ಷರಕ್ಕೆ ಆರರ ಕೀಲಿಯ ಮೇಲಿರುವ ಟೋಪಿ ಗುರುತು ಒಂದು ಸಲ.

ಊಹೆಯ ಲಿಪ್ಯಂತರ: ಜಿಬೋರ್ಡ್, ವಿಂಡೋಸ್ ಫೋನೆಟಿಕ್

ಹೆಚ್ಚಿನವರು ದಿನವೂ ಬಳಸುವುದು ಇದನ್ನೇ. ಬಾಯಿಗೆ ಬಂದಂತೆ ಇಂಗ್ಲಿಷಿನಲ್ಲಿ ಒತ್ತಿ, ಯಂತ್ರ ನಿಮ್ಮ ಮನಸ್ಸನ್ನು ಓದಲು ನೋಡುತ್ತದೆ. ಕಲಿಯುವುದು ಏನೂ ಇಲ್ಲ. ಆಂಡ್ರಾಯ್ಡ್‌ನ ಜಿಬೋರ್ಡ್ ಸೆಟ್ಟಿಂಗ್‌ನಲ್ಲಿ ಭಾಷೆಗಳಿಗೆ ಹೋಗಿ ಕನ್ನಡ ಸೇರಿಸುವಾಗ ಎಬಿಸಿ ಎಂದು ಬರೆದಿರುವ ನಮೂನೆ ಆರಿಸಿದರೆ ಆಯಿತು. ವಿಂಡೋಸ್ 10ರ 2019ರ ಮೇ ಆವೃತ್ತಿಯಿಂದ ಕನ್ನಡ ಫೋನೆಟಿಕ್ ಕೀಲಿಮಣೆ ಜೊತೆಯಲ್ಲೇ ಬರುತ್ತದೆ: ಸೆಟ್ಟಿಂಗ್ಸ್, ಸಮಯ ಮತ್ತು ಭಾಷೆ, ಕನ್ನಡ ಸೇರಿಸಿ, ಅದರ ಆಯ್ಕೆಗಳಲ್ಲಿ ಫೋನೆಟಿಕ್ ಕೀಲಿಮಣೆ ಸೇರಿಸಿ. ಆಮೇಲೆ ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತದೆ. ಕನ್ನಡ ಸೇರಿಸಿದಾಗ ಇನ್‌ಸ್ಕ್ರಿಪ್ಟ್ ತಾನಾಗಿ ಬಂದು ಕೂತಿರುತ್ತದೆ. ಬೇಡದಿದ್ದರೆ ತೆಗೆದುಹಾಕಿ, ಇಲ್ಲವಾದರೆ ಪ್ರತಿ ಸಲ ಎರಡು ಕನ್ನಡದ ನಡುವೆ ಹುಡುಕಾಟ.

ಎಡವುವುದು ಎಲ್ಲಿ? ಇಂಗ್ಲಿಷಿನ ಇಪ್ಪತ್ತಾರು ಅಕ್ಷರ ನಮ್ಮ ವರ್ಣಮಾಲೆಗೆ ಸಾಲುವುದಿಲ್ಲ. ಲ-ಳ, ನ-ಣ, ಹ್ರಸ್ವ-ದೀರ್ಘ, ಅಲ್ಪಪ್ರಾಣ-ಮಹಾಪ್ರಾಣ ಎಲ್ಲ ಕಲೆಸಿಹೋಗುತ್ತವೆ. ಹಾಲು ತರಲು ಹೇಳಿದ್ದು ಹಾಳು ತರುವುದಾಗುತ್ತದೆ, ಮನೆ ಮಣೆಯಾಗುತ್ತದೆ, ಕಲೆ ಕಳೆಯಾಗುತ್ತದೆ. ಇದಕ್ಕಿಂತ ಆಳದ ತೊಂದರೆ ಕನ್ನಡದ ಪದ ಕಟ್ಟುವ ರೀತಿಯಲ್ಲಿದೆ. "ಹೋಗಬೇಕೆಂದುಕೊಂಡಿದ್ದರಂತೆ" ಎಂಬುದು ನಮಗೆ ಒಂದೇ ಪದ. ಊಹೆ ನಿಂತಿರುವುದು ಹಿಂದೆ ಕಂಡ ಪದಗಳ ಮೇಲೆ. ಸಂಧಿ, ಪ್ರತ್ಯಯ ಸೇರಿ ಬೆಳೆದ ಪದಗಳನ್ನೆಲ್ಲ ಯಾವ ಪಟ್ಟಿಯೂ ಮೊದಲೇ ಕಂಡಿರುವುದಿಲ್ಲ. ಫಲವಾಗಿ ಜನ ಪದವನ್ನು ಒಡೆದು ಬರೆಯತೊಡಗುತ್ತಾರೆ: "ಹೋಗ ಬೇಕು ಅಂತ ಅಂದು ಕೊಂಡಿದ್ದರು ಅಂತೆ". ಕೀಲಿಮಣೆಗೆ ಅನುಕೂಲವಾಗುವಂತೆ ಭಾಷೆಯನ್ನೇ ಬಗ್ಗಿಸಿಕೊಳ್ಳುವುದು ಇಲ್ಲಿ ಸದ್ದಿಲ್ಲದೆ ನಡೆಯುತ್ತದೆ. ಈ ಪದ್ಧತಿಯ ಬಗ್ಗೆ ನಿಜವಾದ ತಕರಾರು ಇರುವುದು ಇದೇ, ಉಳಿದವೆಲ್ಲ ಸಣ್ಣವು.

ಇದನ್ನೇ ಬಳಸುವವರು ಮೂರು ಕೆಲಸ ಮಾಡಿಕೊಂಡರೆ ಸಂಕಟ ಅರ್ಧವಾಗುತ್ತದೆ. ಉದ್ದ ಪದಕ್ಕೆ ಸಲಹೆ ಸರಿಯಾಗಿ ಬರದಿದ್ದರೆ ಎರಡು ತುಂಡಾಗಿ ಒತ್ತಿ, ನಡುವಿನ ಖಾಲಿ ಜಾಗವನ್ನು ಆಮೇಲೆ ಅಳಿಸಿ. ಒಡೆದ ಪದವನ್ನು ಹಾಗೇ ಬಿಡಬೇಡಿ. ನಿಮ್ಮ ಊರು, ಮನೆಯವರ ಹೆಸರು, ರ‍್ಯಾಂಕ್, ರಾಜ್‌ಕುಮಾರ್‌ನಂಥ ಪದಗಳನ್ನು ಜಿಬೋರ್ಡಿನ ಸ್ವಂತ ನಿಘಂಟಿಗೆ ಒಂದು ಸಲ ಸರಿಯಾಗಿ ಅಂಟಿಸಿ, ಎರಡಕ್ಷರದ ಸಂಕೇತ ಕೊಟ್ಟುಕೊಳ್ಳಿ. ತಪ್ಪು ಪದವೊಂದು ಪದೇಪದೇ ಮೊದಲ ಸಲಹೆಯಾಗಿ ಬರುತ್ತಿದ್ದರೆ ಅದರ ಮೇಲೆ ಬೆರಳಿಟ್ಟು ಒತ್ತಿಹಿಡಿದು ಕಸದ ಬುಟ್ಟಿಗೆ ಎಳೆಯಿರಿ.

ಫೋನಿನ ನೇರ ಕನ್ನಡ ಕೀಲಿಮಣೆ, ಕೈಬರಹ, ಧ್ವನಿ

ಇಂಗ್ಲಿಷ್ ಅಕ್ಷರದ ಹಂಗೇ ಬೇಡ ಎನ್ನುವವರಿಗೆ ಪರದೆಯ ಮೇಲೇ ಅ ಆ ಇ ಈ ಇರುವ ಕೀಲಿಮಣೆ ಇದೆ. ಜಿಬೋರ್ಡಿನ ಕನ್ನಡ ನಮೂನೆಯಲ್ಲಿ ವ್ಯಂಜನ ಒತ್ತಿದೊಡನೆ ಸ್ವರಗಳ ಜಾಗದಲ್ಲಿ ಅದರ ಕಾಗುಣಿತ ಬಂದು ನಿಲ್ಲುತ್ತದೆ. ಕ ಒತ್ತಿದರೆ ಕಾ ಕಿ ಕೀ. ಮುಂಬೈ ಐಐಟಿಯವರ ಸ್ವರಚಕ್ರ ಇದಕ್ಕೂ ಚಂದದ ಉಪಾಯ ಹೂಡಿತ್ತು: ವ್ಯಂಜನದ ಮೇಲೆ ಬೆರಳಿಟ್ಟರೆ ಸುತ್ತ ಚಕ್ರದಂತೆ ಕಾಗುಣಿತ ಅರಳುತ್ತದೆ, ಬೇಕಾದತ್ತ ಬೆರಳು ಜಾರಿಸಿದರೆ ಅಕ್ಷರ ಸಿದ್ಧ. ದಿಕ್ಕುಗಳು ಕೈಗೆ ಅಭ್ಯಾಸವಾದರೆ ನೋಡದೆಯೂ ಜಾರಿಸಬಹುದು. ಹೀಗೆ ತಾನೇ ಬದಲಾಗುವ ಕೀಲಿಗಳ ಕೊರತೆಯೆಂದರೆ ಯಾವ ಜಾಗದಲ್ಲಿ ಯಾವುದಿದೆ ಎಂದು ಪ್ರತಿ ಸಲ ಕಣ್ಣು ಹುಡುಕಬೇಕಾದದ್ದು, ಜೊತೆಗೆ ಸಣ್ಣ ಪರದೆಯಲ್ಲಿ ಕೀಲಿಗಳ ಕಿಷ್ಕಿಂಧೆ. ಕನ್ನಡ ಶಾಲೆಯಲ್ಲಿ ಓದಿ ಇಂಗ್ಲಿಷ್ ಕಾಗುಣಿತದಲ್ಲಿ ಕನ್ನಡ ಬರೆಯಲು ಮನಸ್ಸೊಪ್ಪದವರಿಗೆ ಆದರೂ ಇದೇ ಸರಿ. ಬೆಳೆ ಒತ್ತಿದರೆ ಬೆಳೆಯೇ ಬರುತ್ತದೆ.

ಕೈಬರಹ ಹಿರಿಯರ ಪಾಲಿನ ವರ. ಜಿಬೋರ್ಡಿಗೆ ಕನ್ನಡ ಸೇರಿಸುವಾಗಲೇ ಕೈಬರಹದ ನಮೂನೆ ಸಿಗುತ್ತದೆ. ಬೆರಳಿನಲ್ಲಿ ಸ್ಲೇಟಿನ ಮೇಲೆ ಬರೆದಂತೆ ಬರೆಯುವುದು. ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಟ್ಟು ಮೇಲುಭಾಗದಲ್ಲಿ ಬರೆಯಿರಿ, ಇಲ್ಲದಿದ್ದರೆ ಒತ್ತು ಚೌಕದ ಹೊರಗೆ ಹೋಗಿ ಕತ್ತರಿಸಿಕೊಳ್ಳುತ್ತದೆ. ಮ ಬರೆದರೆ ವು ಎಂದೂ, ದ ಬರೆದರೆ ಧ ಎಂದೂ ಓದಿಕೊಳ್ಳುವುದುಂಟು. ಸೊನ್ನೆ ಬಹಳ ಮೋಸದ್ದು: ಅನುಸ್ವಾರ, ಕನ್ನಡದ ಅಂಕಿ ಸೊನ್ನೆ, ಇಂಗ್ಲಿಷ್ ಅಂಕಿ ಸೊನ್ನೆ ಮೂರೂ ಕಣ್ಣಿಗೆ ಒಂದೇ ದುಂಡು, ಒಳಗೆ ಬೇರೆ ಬೇರೆ ಸಂಕೇತ. ಅನುಸ್ವಾರದ ಜಾಗದಲ್ಲಿ ಅಂಕಿ ಬಿದ್ದರೆ ಓದುವವರಿಗೆ ತಿಳಿಯುವುದಿಲ್ಲ, ಆದರೆ ಆ ಹೆಸರನ್ನು ಹುಡುಕಿದರೆ ಎಂದೂ ಸಿಗುವುದಿಲ್ಲ.

ಧ್ವನಿ ಟೈಪಿಂಗ್ 2017ರಿಂದ ಕನ್ನಡಕ್ಕೂ ಇದೆ. ಫೋನಿನಲ್ಲಿ ಮೈಕ್ ಗುರುತು. ಕಂಪ್ಯೂಟರಿನಲ್ಲಿ ಕ್ರೋಮ್ ತೆರೆದು ಗೂಗಲ್ ಡಾಕ್ಸ್‌ನ ಟೂಲ್ಸ್ ಪಟ್ಟಿಯಲ್ಲಿ ವಾಯ್ಸ್ ಟೈಪಿಂಗ್ ಆರಿಸಿ, ಭಾಷೆ ಕನ್ನಡ ಮಾಡಿ. ಮೊದಲ ಕರಡಿಗೆ ಇದರಷ್ಟು ವೇಗ ಬೇರೆ ಯಾವುದಕ್ಕೂ ಇಲ್ಲ. ಆದರೆ ನೆಟ್ ಬೇಕು, ಸದ್ದಿಲ್ಲದ ಜಾಗ ಬೇಕು, ವಿರಾಮಚಿಹ್ನೆಗಳನ್ನು ಬಹುಪಾಲು ಕೈಯಾರೆ ಹಾಕಬೇಕು. ಧಾರವಾಡದ "ಹೋಗಾಕತ್ತೀನಿ"ಯನ್ನೋ ಕುಂದಾಪುರದ ಮಾತನ್ನೋ ಹಾಗೇ ಬರೆದುಕೊಡುತ್ತದೆಂದು ನೆಚ್ಚಬೇಡಿ. ಅದಕ್ಕೆ ಗೊತ್ತಿರುವುದು ಶಿಷ್ಟ ಕನ್ನಡ. ಒಂದೊಂದೇ ವಾಕ್ಯ ಹೇಳಿ ನಿಲ್ಲಿಸಿ ತಿದ್ದುವುದಕ್ಕಿಂತ ಇಡೀ ಪ್ಯಾರಾ ಹೇಳಿ ಆಮೇಲೆ ತಿದ್ದುವುದು ಕಡಿಮೆ ಕೆಲಸ. ಬಸ್ಸಿನಲ್ಲಿ ಕುಳಿತು ಬ್ಯಾಂಕಿನ ವಿಷಯ ಹೇಳಿ ಟೈಪ್ ಮಾಡಿಸಬೇಡಿ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಯಾವುದನ್ನೇ ಹಿಡಿದರೂ ಎದುರಾಗುವ ಮೂರು ಕಿರಿಕಿರಿ

ಬ್ಯಾಕ್‌ಸ್ಪೇಸ್. "ಸ್ತ್ರೀ" ಕಣ್ಣಿಗೆ ಒಂದು ಅಕ್ಷರ, ಒಳಗೆ ಆರು ಸಂಕೇತ: ಸ, ಅರ್ಧಾಕ್ಷರ ಚಿಹ್ನೆ, ತ, ಮತ್ತೆ ಆ ಚಿಹ್ನೆ, ರ, ಈತ್ವ. ಸಾಮಾನ್ಯವಾಗಿ ಬ್ಯಾಕ್‌ಸ್ಪೇಸ್ ಒಂದೊಂದಾಗಿ ಬಿಚ್ಚುತ್ತದೆ, ಆದರೆ ಬಾಣದ ಕೀಲಿ ಇಡೀ ಅಕ್ಷರವನ್ನು ಒಂದೇ ಹಾರಿಗೆ ದಾಟುತ್ತದೆ. ಕೊನೆಯ ದೀರ್ಘ ಮಾತ್ರ ತಪ್ಪಿದ್ದರೆ ಅಕ್ಷರದ ಬಲಕ್ಕೆ ನಿಂತು ಒಂದೇ ಬ್ಯಾಕ್‌ಸ್ಪೇಸ್ ಸಾಕು. ಪೂರ್ತಿ ಹೋಗಬೇಕಾದರೆ ಎಡಕ್ಕೆ ನಿಂತು ಡಿಲೀಟ್ ಒತ್ತಿ ನೋಡಿ, ಹಲವು ತಂತ್ರಾಂಶಗಳಲ್ಲಿ ಇಡೀ ಅಕ್ಷರ ಒಂದೇ ಏಟಿಗೆ ಹೋಗುತ್ತದೆ.

ಕಾಣದ ಅಕ್ಷರ. ರಾಜ್ ಮತ್ತು ಕುಮಾರ್ ಕೂಡಿದಾಗ ಜ ಕೆಳಗೆ ಕ ಒತ್ತಾಗಿ "ರಾಜ್ಕುಮಾರ್" ಆಗುತ್ತದೆ. ಹಾಗಾಗದಂತೆ ನಡುವೆ ಕಾಣದ ತಡೆಯೊಂದನ್ನು ಇಡಬೇಕು. "ರ‍್ಯಾಂಕ್" ಬರೆಯಲು ಕಾಣದ ಕೊಂಡಿ ಬೇಕು, ಇಲ್ಲವಾದರೆ ಅರ್ಕಾವತ್ತು ಬಂದು "ರ್ಯಾಂಕ್" ಆಗುತ್ತದೆ. ಕೆಜಿಪಿ ಕೊಡುವ ತಂತ್ರಾಂಶಗಳಲ್ಲಿ ಇವೆರಡಕ್ಕೆ ಒತ್ತಬೇಕಾದ ಕೀಲಿ ಒಂದೊಂದರಲ್ಲಿ ಒಂದೊಂದು ರೀತಿ. ಹಾಕಿಕೊಂಡ ದಿನವೇ ಸಹಾಯ ಪುಟ ನೋಡಿ ಚೀಟಿಗೆ ಬರೆದುಕೊಳ್ಳಿ.

ಮೂರನೆಯದು ಭಾಷೆ ಬದಲಿಸುವುದು. ಆ್ಯಪಲ್‌ನಲ್ಲಿ ದುಡಿದ ಲ್ಯಾರಿ ಟೆಸ್ಲರ್ ಎಂಬ ವಿನ್ಯಾಸಗಾರರು ಒಂದೇ ಕೀಲಿ ಬೇರೆ ಬೇರೆ ಸ್ಥಿತಿಯಲ್ಲಿ ಬೇರೆ ಬೇರೆ ಕೆಲಸ ಮಾಡುವುದನ್ನು ಎಷ್ಟು ದ್ವೇಷಿಸುತ್ತಿದ್ದರೆಂದರೆ ಕಾರಿನ ನಂಬರ್ ಪ್ಲೇಟಿನಲ್ಲೇ "ನೋ ಮೋಡ್ಸ್" ಎಂದು ಹಾಕಿಸಿಕೊಂಡಿದ್ದರು. ಕನ್ನಡಿಗರಿಗೆ ಆ ಭಾಗ್ಯವಿಲ್ಲ, ದಿನವೂ ಎರಡು ಸ್ಥಿತಿಗಳ ನಡುವೆ ಓಡಾಟ. ಕನ್ನಡದಲ್ಲೇ ಪಾಸ್‌ವರ್ಡ್ ಒತ್ತಿ, ಚುಕ್ಕಿಗಳಷ್ಟೇ ಕಂಡು, ಮೂರು ಸಲ ತಪ್ಪಿ ಖಾತೆಗೆ ಬೀಗ ಬೀಳುವುದು ಹೀಗೇ. ಬದಲಿಸುವ ಕೀಲಿ ಒಂದೇ ಇರಲಿ, ಪಟ್ಟಿಯಲ್ಲಿ ಎರಡೇ ಭಾಷೆ ಇರಲಿ.

ಯಾರಿಗೆ ಯಾವುದು

ರಾಜ್ಯ ಸರ್ಕಾರದ ಕಚೇರಿ, ಕೋರ್ಟು, ಪಂಚಾಯಿತಿಯಲ್ಲಿ ಕೆಲಸ ಮಾಡುವವರು, ಅಲ್ಲಿ ಸೇರಬೇಕೆಂದಿರುವವರು ಹೆಚ್ಚು ಯೋಚಿಸಬೇಕಾಗಿಲ್ಲ: ಕೆಜಿಪಿ. ದಿನಕ್ಕೆ ಇಪ್ಪತ್ತು ನಿಮಿಷ ಎಂದಿಟ್ಟುಕೊಳ್ಳಿ. ಮೊದಲ ಮೂರು ದಿನ ಒತ್ತಕ್ಷರವಿಲ್ಲದ ಪದಗಳು, ಮುಂದಿನ ಮೂರು ದಿನ ಎಫ್ ಸೇರಿಸಿ ದ್ವಿತ್ವ, ಆಮೇಲೆ ಆ ಒಂಬತ್ತು ವಿಚಿತ್ರ ಕೀಲಿಗಳು, ಕೊನೆಗೆ ಪತ್ರಿಕೆಯ ಒಂದು ಪ್ಯಾರಾ. ಈ ಅವಧಿಯಲ್ಲಿ ಫೋನಿನಲ್ಲಿ ಏನು ಬೇಕಾದರೂ ಬಳಸಿ, ಕಂಪ್ಯೂಟರಿನಲ್ಲಿ ಮಾತ್ರ ಹಳೆಯದಕ್ಕೆ ಮರಳಬೇಡಿ.

ಕತೆ, ಲೇಖನ, ಅನುವಾದ ಬರೆಯುವವರಿಗೂ ಕೆಜಿಪಿಯೇ ಮೊದಲ ಸಲಹೆ. ಈಗಾಗಲೇ ಬರಹದಲ್ಲಿ ಕೈ ಕುದುರಿದ್ದರೆ ಬದಲಿಸುವುದು ವ್ಯರ್ಥ. ಉಳಿಯುವ ಒತ್ತುಗಳಿಗಿಂತ ಮರೆಯಬೇಕಾದ ಅಭ್ಯಾಸ ದೊಡ್ಡದು. ಹಿಂದಿಯಲ್ಲೋ ತೆಲುಗಿನಲ್ಲೋ ಇನ್‌ಸ್ಕ್ರಿಪ್ಟ್ ಬಲ್ಲವರು ಕನ್ನಡಕ್ಕೂ ಅದನ್ನೇ ಮುಂದುವರಿಸಲಿ. ಏನೂ ಹಾಕಿಕೊಳ್ಳಲು ಬಿಡದ ಕಚೇರಿಯ ಲ್ಯಾಪ್‌ಟಾಪ್ ಇದ್ದರೆ ಇನ್‌ಸ್ಕ್ರಿಪ್ಟ್ ಅಥವಾ ಫೋನೆಟಿಕ್, ಮೂರನೆಯ ದಾರಿ ಕಡಿಮೆ.

ದಿನಕ್ಕೆ ಹತ್ತು ಸಂದೇಶ, ಒಂದೆರಡು ಕಾಮೆಂಟ್ ಬರೆಯುವವರಿಗೆ ಜಿಬೋರ್ಡಿನ ಲಿಪ್ಯಂತರ ಧಾರಾಳ ಸಾಕು. ಅಜ್ಜಿ ತಾತಂದಿರ ಫೋನಿಗೆ ಕೈಬರಹ ಮತ್ತು ಧ್ವನಿ ಎರಡನ್ನೂ ಹಾಕಿಕೊಟ್ಟು, ಉಳಿದದ್ದನ್ನು ತೆಗೆದುಬಿಡಿ. ಹೊರದೇಶದಲ್ಲಿ ಕನ್ನಡ ಕಲಿಯುತ್ತಿರುವ ಮಕ್ಕಳಿಗೆ ಮಾತ್ರ ಊಹೆಯ ಲಿಪ್ಯಂತರ ಬೇಡ: ಅಕ್ಷರ ಯಂತ್ರ ಆರಿಸಿದರೆ ಲ-ಳ ವ್ಯತ್ಯಾಸ ಅವರಿಗೆ ಎಂದೂ ಕಿವಿಗೆ ಹತ್ತುವುದಿಲ್ಲ. ಅವರಿಗೆ ಫೋನಿನ ನೇರ ಕನ್ನಡ ಕೀಲಿಮಣೆ ಕೊಡಿ, ಕಾಗುಣಿತದ ಪಾಠವೂ ಅದರಲ್ಲೇ ಆಗುತ್ತದೆ.

ಮದುವೆ ಕರೆಯೋಲೆ, ಬ್ಯಾನರ್ ಮಾಡುವ ಡಿಟಿಪಿ ಅಂಗಡಿಗೆ ಹೋಗುವವರು ಕೀಲಿಮಣೆಗಿಂತ ಮೊದಲು ಇನ್ನೊಂದನ್ನು ಕೇಳಿಕೊಳ್ಳಬೇಕು: ಅವರದು ಯೂನಿಕೋಡೋ, ಹಳೆಯ ನುಡಿ ಅಥವಾ ಶ್ರೀಲಿಪಿ ಫಾಂಟೋ? ಹಳೆಯ ಪುಟವಿನ್ಯಾಸ ತಂತ್ರಾಂಶವಾದ ಪೇಜ್‌ಮೇಕರ್ ಯೂನಿಕೋಡ್ ಅರಿಯದು. ನಿಮ್ಮ ಫೋನಿನಿಂದ ಕಳಿಸಿದ ಕನ್ನಡ ಅಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ, ಅವರು ಕಳಿಸಿದ್ದು ನಿಮ್ಮಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪರಿವರ್ತಕಗಳಿವೆ, ಆದರೆ ಪರಿವರ್ತನೆಯಾದ ಮೇಲೆ ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ಒಂದೊಂದಾಗಿ ಓದಿ ನೋಡಿ, ಅದರಲ್ಲೂ ಹೆಸರುಗಳನ್ನು. ಫೋಟೋಶಾಪ್, ಇನ್‌ಡಿಸೈನ್ ಬಳಸುವವರಾದರೆ ಯೂನಿಕೋಡ್ ಕನ್ನಡ ಹಾಕಿದಾಗ ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ನಿಂತರೆ ಫಾಂಟನ್ನು ಬೈಯಬೇಡಿ. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಅಕ್ಷರಗಳ ಸೆಟ್ಟಿಂಗ್‌ನಲ್ಲಿರುವ ದಕ್ಷಿಣ ಏಷ್ಯಾದ ಭಾಷೆಗಳ ಆಯ್ಕೆಯನ್ನು, ಇನ್‌ಡಿಸೈನ್‌ನಲ್ಲಿ ಪ್ಯಾರಾ ಸೆಟ್ಟಿಂಗ್‌ನ ವರ್ಲ್ಡ್-ರೆಡಿ ಕಂಪೋಸರ್ ಅನ್ನು ಆರಿಸಿದರೆ ಸರಿಹೋಗುತ್ತದೆ. ಅಚ್ಚಿಗೆ ಕೊಡುವ ಮುನ್ನ ಪಿಡಿಎಫ್ ಮಾಡಿಸಿ, ಕಾಗದದ ಮೇಲೆ ಒಂದು ಪ್ರತಿ ತೆಗೆದು ಮದುಮಕ್ಕಳ ಹೆಸರನ್ನು ಜೋರಾಗಿ ಓದಿಸಿ.